ಖಾಲಿ ಮನೆಯ ಸದ್ದು

ಬಾರ್ರಾ ಎಂಬ ಕಡಲತಡಿಯ ಊರಿನ ಜನ ಬೀದಿಗಳನ್ನು ಹೆಸರಿಟ್ಟು ಕರೆಯುವುದನ್ನು ಯಾವತ್ತೋ ಬಿಟ್ಟಿದ್ದರು. ಸಂತನ ಹೆಸರಿನ ಬೀದಿಗೂ ಸೇನಾಪತಿಯ ಹೆಸರಿನ ಬೀದಿಗೂ ಸಮುದ್ರ ಒಂದೇ ಮರ್ಯಾದೆ ತೋರಿಸಿತ್ತು. ಹಾಗಾಗಿ ನೀರಿನ ಕಡೆಯಿಂದ ಒಂದನೆಯದು, ಎರಡನೆಯದು, ಮೂರನೆಯದು ಎಂದು ಎಣಿಸುತ್ತಿದ್ದರು. ಮುಳುಗಿಹೋದವನ್ನೂ ಬಿಡದೆ ಎಣಿಸುತ್ತಿದ್ದರು, ಸತ್ತ ಕೂಸುಗಳನ್ನೂ ಸೇರಿಸಿ ತನಗೆ ಇಷ್ಟು ಮಕ್ಕಳು ಎನ್ನುವ ತಾಯಂದಿರ ಹಾಗೆ. ಎವನಿಲ್ಡೆ ಬಾರ್ಸೆಲೊಸ್ ಹುಟ್ಟಿದ್ದು ಮೂರನೆಯ ಬೀದಿಯಲ್ಲಿ. ಆಗ ಅಲ್ಲಿಂದ ಸಮುದ್ರ ಕಾಣಿಸುತ್ತಿರಲಿಲ್ಲ, ಕೇಳಿಸುತ್ತಿತ್ತು ಅಷ್ಟೆ.

ಅವಳನ್ನು ಎಲ್ಲರೂ ನಿಲ್ಡೆ ಎನ್ನುತ್ತಿದ್ದರು. ಅಪ್ಪ ನದಿ ದಾಟಿಸುವ ದೋಣಿಯವನು. ಮಕ್ಕಳಿಗೆ ಅವನ ಮುಖ ನೆನಪು ಉಳಿಯುವ ಮೊದಲೇ ತೀರಿಕೊಂಡ. ಅಮ್ಮ ಒತಾಸೀಲಿಯಾ, ದೊಡ್ಡ ಹೆಂಗಸರಿಗೆ ಸಲ್ಲುವ ಗೌರವದಲ್ಲಿ ಊರಿಗೆಲ್ಲ ದೋನಾ ಒತಾಸೀಲಿಯಾ, ಇಗರ್ಜಿಯ ಕಸ ಗುಡಿಸುತ್ತ, ಊರವರ ಬಟ್ಟೆ ಒಗೆಯುತ್ತ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ದೊಡ್ಡವಳು ಲಿಂದೌರಾ, ಚಿಕ್ಕವಳು ನಿಲ್ಡೆ. ಗಾಳಿ ದಿನವಿಡೀ ಮರಳನ್ನು ತಂದು ಮನೆಯೊಳಗೆ ಸುರಿಯುವ ಊರು ಅದು. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಹಾಸಿಗೆಯ ಮೇಲೂ ಅನ್ನದ ಪಾತ್ರೆಯಲ್ಲೂ ಮತ್ತೆ ಮರಳು. ಹೆಣ್ಣುಮಕ್ಕಳು ನಡೆಯಲು ಕಲಿಯುವ ಹೊತ್ತಿಗೆ ಪೊರಕೆ ಹಿಡಿಯಲೂ ಕಲಿಯುತ್ತಿದ್ದರು. ನಿಲ್ಡೆಗೆ ಮಾತ್ರ ಆ ಕೆಲಸ ಕಂಡರಾಗದು. ಎಂದಾದರೂ ಪೊರಕೆಯಿಲ್ಲದ ಊರಿಗೆ ಹೋಗುತ್ತೇನೆ ಎಂದು ಅಕ್ಕನೆದುರು ಆಣೆ ಮಾಡಿದ್ದಳು.

ಹದಿಹರೆಯದಲ್ಲಿ ಕಾಂಪೋಸ್ ಪಟ್ಟಣದ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದಳು. ಮಾಲೀಕ ಗುಮೆರ್ಸಿಂದೊ ಎಂಬ ಮುದುಕ. ಮದುವೆ, ಮೊದಲ ಪರಮಪ್ರಸಾದ, ಅದರ ಜೊತೆಗೆ ಸತ್ತ ಕೂಸುಗಳ ಫೋಟೊ. ಬಿಳಿ ಅಂಗಿ ತೊಡಿಸಿ, ತಲೆಯ ಸುತ್ತ ಕಾಗದದ ಹೂವು ಕಟ್ಟಿ, ಪುಟ್ಟ ದೇವದೂತ ಎಂದು ಕರೆದು, ಹೂಳುವ ಮೊದಲು ಒಂದು ಫೋಟೊ ತೆಗೆಸುವುದು ಆ ಕಡೆಯ ಪದ್ಧತಿ. ಕೂಸಿನ ಹಿಂದೆ ಬಿಳಿ ದುಪ್ಪಟಿ ಹಿಡಿದು ಅಲುಗಾಡದೆ ನಿಲ್ಲುವುದು ನಿಲ್ಡೆಯ ಕೆಲಸ. ಸ್ಟುಡಿಯೊಗೆ ವಾಪಸಾದ ಮೇಲೆ ಗುಮೆರ್ಸಿಂದೊ ಸಣ್ಣ ಕುಂಚದಲ್ಲಿ, ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದ.

"ಇದು ಸುಳ್ಳಲ್ವಾ ಯಜಮಾನ್ರೇ?" ಎಂದು ಅವಳು ಒಮ್ಮೆ ಕೇಳಿದಳು.

"ಸುಳ್ಳೇ. ನೀನು ಹೋಗಿ ಆ ತಾಯಿಗೆ ನಿಜ ಕೊಟ್ಟು ಬಾ, ನೋಡೋಣ," ಎಂದ ಮುದುಕ, ಕುಂಚವನ್ನು ನಾಲಿಗೆಯ ಮೇಲೆ ಚೂಪು ಮಾಡಿಕೊಳ್ಳುತ್ತ.

ಗೋಡೆಗೆ ಒರಗಿಸಿ ಒಣಗಲು ಇಟ್ಟ ಆ ಫೋಟೊಗಳ ಸಾಲಿನ ಮುಂದೆ ಅವಳು ಊಟ ಮಾಡುತ್ತಿದ್ದಳು. ಕಣ್ಣು ತೆರೆದ ಕೂಸುಗಳೆಲ್ಲ ಅವಳ ತಟ್ಟೆಯನ್ನೇ ನೋಡುತ್ತಿದ್ದವು. ಇಲ್ಲದ ಕಣ್ಣನ್ನು ತಾನು ಎಂದೂ ಬರೆಯುವುದಿಲ್ಲ ಎಂದು ಅವಳು ಆಗ ನಿಶ್ಚಯಿಸಿದಳು. ಮುಂದೆ ಎಷ್ಟೋ ಸಿನಿಮಾ ಮಾಡಿದರೂ ಒಬ್ಬರ ಬಾಯಿಗೂ ಅವರದಲ್ಲದ ಮಾತು ಹಾಕಲಿಲ್ಲ.

ಎರಡನೆಯ ಬೀದಿಯ ಹೋಟೆಲು ಬೀಳುವ ವರ್ಷ, ಅದರ ಚಿತ್ರ ತೆಗೆಯಲು ರಿಯೊದಿಂದ ಒಂದು ತಂಡ ಬಂತು. ಧ್ವನಿ ಹಿಡಿಯುವವನ ಹೆಸರು ವಾಲ್ದೆಮೀರೊ, ಎಲ್ಲರಿಗೂ ಮೀರೊ. ಉದ್ದ ಕಾಲಿನ, ಸದಾ ಹಸಿದಿರುವ, ಬಾಯಿ ಮುಚ್ಚದ ಆಸಾಮಿ. ಊರು ಗೊತ್ತಿರುವ ಹುಡುಗಿಯೊಬ್ಬಳು ಬೇಕು ಎಂದ, ನಿಲ್ಡೆ ಹೋದಳು. ತಂಡ ವಾಪಸು ಹೊರಟಾಗ ಅವಳೂ ಅವರ ವ್ಯಾನು ಹತ್ತಿದಳು.

ಮೀರೊ ಅವಳಿಗೆ ಕಲಿಸಿದ ಮೊದಲ ಪಾಠ ಮೌನದ್ದು. ಒಂದು ಕೋಣೆಯಲ್ಲಿ ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಯಂತ್ರವನ್ನು ಸ್ವಲ್ಪ ಹೊತ್ತು ಸುಮ್ಮನೆ ಓಡಿಸಬೇಕು. ಆ ಬರಿಯ ಮೌನ ಆಮೇಲೆ ಸಂಕಲನದಲ್ಲಿ ಮಾತಿನ ನಡುವಿನ ತೂತುಗಳಿಗೆ ತೇಪೆ ಹಾಕಲು ಬೇಕಾಗುತ್ತದೆ.

"ಎಲ್ಲ ಮೌನ ಒಂದೇ ಅಂದ್ಕೊಂಡ್ಯಾ? ಅಡುಗೆಮನೆ ಮೌನಾನ ಇಗರ್ಜಿಗೆ ಅಂಟ್ಸಿ ನೋಡು, ಮಗು ಕೂಡ ನಗುತ್ತೆ," ಎನ್ನುತ್ತಿದ್ದ. ಯಂತ್ರ ಶುರು ಮಾಡುವಾಗ ಅವನದೊಂದು ಮಾತು ಇತ್ತು: "ಉಸಿರು ಹಿಡ್ಕೊಳ್ಳಿ, ಮನೆ ಮಾತಾಡ್ಲಿ."

ರಿಯೊದಲ್ಲಿ ಕೆಲವು ವರ್ಷ ಬೇರೆಯವರ ಸಿನಿಮಾಗಳಿಗೆ ಕೆಲಸ ಮಾಡಿ, ನಿಲ್ಡೆ ತನ್ನದೇ ಮೊದಲ ಸಾಕ್ಷ್ಯಚಿತ್ರಕ್ಕೆ ಊರಿಗೆ ಬಂದಳು. ಹೆಸರು 'ಮೂರನೆಯ ಬೀದಿ'. ಅಷ್ಟರಲ್ಲಿ ಸಮುದ್ರ ಆ ಬೀದಿಯ ಹೊಸ್ತಿಲಿಗೆ ಬಂದಿತ್ತು. ಮನೆ ಬಿಟ್ಟು ಹೊರಡುವ ಜನರನ್ನು ಚಿತ್ರಿಸುವುದು ಅವಳ ಯೋಚನೆ. ಮೊದಲು ಹೊರಡಬೇಕಾದವಳು ಅವಳ ಅಮ್ಮನೇ.

ಸಾಮಾನೆಲ್ಲ ಗಾಡಿಗೇರಿತ್ತು. ದೋನಾ ಒತಾಸೀಲಿಯಾ ಬಾಗಿಲು ದಾಟಿ ಬಂದವಳು ಏನೋ ನೆನೆದು ಮತ್ತೆ ಒಳಕ್ಕೆ ತಿರುಗಿದಳು.

"ಎಲ್ಲಿಗಮ್ಮಾ?"

"ಗುಡಿಸಿಲ್ಲ ಕಣೇ. ಕಸ ಬಿಟ್ಟು ಹೋದ್ರೆ ಚೆನ್ನಾಗಿರಲ್ಲ."

"ನಾಳೆ ನಾಡಿದ್ದು ಬೀಳೋ ಮನೆ. ಯಾರಿಗೆ ಗುಡಿಸ್ತೀಯ? ಬೆಳಕು ಹೋಗ್ತಿದೆ, ಬಾ."

ಮುದುಕಿ ಮಗಳ ಕ್ಯಾಮೆರಾವನ್ನೂ ಮನೆಯನ್ನೂ ಒಮ್ಮೆ ನೋಡಿ, ಗಾಡಿಯಲ್ಲಿ ಹೋಗಿ ಕೂತಳು. ಲಿಂದೌರಾ ಪಕ್ಕದಲ್ಲಿದ್ದಳು, ಅವಳ ಕಣ್ಣು ಕೆಂಪಾಯಿತು, ತಂಗಿಯಿಂದ ಮುಖ ತಿರುಗಿಸಿದಳು. ಗಾಡಿ ಅಲ್ಲಿಯೇ ನಿಂತಿರುವಾಗ ಮೀರೊ ಖಾಲಿ ಮನೆಯ ಮೌನ ಹಿಡಿದುಕೊಂಡ. ಆ ಮಳೆಗಾಲ ಮುಗಿಯುವುದರೊಳಗೆ ಒತಾಸೀಲಿಯಾ, ಆರನೆಯ ಬೀದಿಯ ಲಿಂದೌರಾಳ ಮನೆಯಲ್ಲಿ, ಕಾಯಿಲೆ ಎನ್ನುವಂಥ ಕಾಯಿಲೆ ಏನೂ ಇಲ್ಲದೆ ತೀರಿಕೊಂಡಳು.

ಅದಾದ ಮೇಲೆ ಚಿತ್ರಿಸಿದ್ದು ದೋನಾ ಅರ್ಮಿಂದಾಳ ಮನೆ. ಬಲೆ ನೇಯುವ ಒಂಟಿ ಹೆಂಗಸು ಅವಳು. ಅವಳ ಮನೆಯ ಮೂರು ಕಡೆಗೆ ಆಗಲೇ ನೀರಿತ್ತು. ಅಕ್ಕಪಕ್ಕದ ಮನೆಗಳು ಬಿದ್ದು ಗೋಡೆಯ ಮೊಂಡುಗಳು ನಿಂತಿದ್ದವು. ಸುಡು ಮಧ್ಯಾಹ್ನ. ಅರ್ಮಿಂದಾಳನ್ನು ತಮ್ಮನ ಮನೆಗೆ ಕಳಿಸಿ, ಬಾಗಿಲೆಳೆದುಕೊಂಡು, ಕಿಟಕಿಯಿಂದ ತಂತಿ ಹೊರಗೆಳೆದು, ನಿಲ್ಡೆ ಮತ್ತು ಮೀರೊ ಗೋಡೆಯ ನೆರಳಲ್ಲಿ ಮರಳ ಮೇಲೆ ಕೂತರು.

"ಉಸಿರು ಹಿಡ್ಕೊಳ್ಳಿ, ಮನೆ ಮಾತಾಡ್ಲಿ," ಎಂದ ಮೀರೊ. ಹಾಗೆನ್ನುತ್ತಿದ್ದಂತೆ ಅವನದೇ ಹೊಟ್ಟೆ ಗುರ್ರೆಂದಿತು. ನಿಲ್ಡೆ ತೋಳನ್ನು ಬಾಯಿಗೊತ್ತಿಕೊಂಡು ನಕ್ಕಳು.

ರಿಯೊದ ಸಂಕಲನ ಕೋಣೆಯಲ್ಲಿ ಮೀರೊ ಆ ಸುರುಳಿ ಹಾಕಿದಾಗ ಅವನು ಮೊದಲು ಕೇಳಿದ್ದು, "ಯಾರೇ ಅದು ಒಳಗೆ ಕಸ ಗುಡಿಸಿದ್ದು?"

ನಿಲ್ಡೆ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಳು. ಗಾಳಿ. ದೂರದ ಅಲೆ. ಅದರ ಮೇಲೆ, ಹತ್ತಿರದಲ್ಲಿ, ಕೋಣೆಯೊಳಗೇ, ಸಿಮೆಂಟು ನೆಲದ ಮರಳಿನ ಮೇಲೆ ಪೊರಕೆ ಆಡುವ ಸದ್ದು. ಎರಡು ಸಲ ಗೀರಿ, ನಿಂತು, ಒಂದು ಸಲ ಉದ್ದಕ್ಕೆ ಎಳೆಯುವುದು. ಮತ್ತೆ ಎರಡು ಸಲ. ಆತುರವಿಲ್ಲದೆ ಒಂದು ಮೂಲೆಯಿಂದ ಬಾಗಿಲಿನ ತನಕ ಬಂದು, ಅಲ್ಲಿಗೆ ನಿಂತಿತು.

"ಪಕ್ಕದ ಮನೆಯದಿರ್ಬೇಕು," ಎಂದಳು.

"ಪಕ್ಕದ ಮನೆ ಎಲ್ಲಿತ್ತು ಮಾರಾಯ್ತಿ?"

ಹಳೆಯ ಸುರುಳಿಗಳನ್ನೆಲ್ಲ ತೆಗೆದು ಒಂದೊಂದಾಗಿ ಹಾಕಿ ಕೇಳಿದರು. ಅಮ್ಮ ಬಿಟ್ಟುಬಂದ ಮನೆಯ ಮೌನದಲ್ಲೂ ಪೊರಕೆ ಇತ್ತು. ಆ ಹೊತ್ತು ಅಮ್ಮ ಹೊರಗೆ ಗಾಡಿಯಲ್ಲಿ ಎಲ್ಲರ ಕಣ್ಣೆದುರು ಕೂತಿದ್ದಳು. ಬೀದಿಯ ಇನ್ನುಳಿದ ಮನೆಗಳಲ್ಲೂ ಇತ್ತು. ಊರ ಶಾಲೆಯಲ್ಲಿ ಹಿಡಿದ ಮೌನದಲ್ಲಿ, ಬೇಕರಿಯದರಲ್ಲಿ ಇರಲಿಲ್ಲ. ಶಾಲೆ, ಬೇಕರಿ ಇನ್ನೂ ನಿಂತಿದ್ದವು. ಪೊರಕೆ ಕೇಳಿಸಿದ ಮನೆಗಳಲ್ಲಿ ಒಂದೂ ಉಳಿದಿರಲಿಲ್ಲ.

"ಇದನ್ನ ಸಿನಿಮಾಕ್ಕೆ ಹಾಕೋದು ಬೇಡ," ಎಂದ ಮೀರೊ. ಅವನ ಬಾಯಲ್ಲಿ ತಮಾಷೆ ಬರದಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಸಿನಿಮಾಕ್ಕೆ ಹೆಸರು ಬಂತು. ದೂರದ ಊರುಗಳಲ್ಲಿ ತೋರಿಸಿದರು, ಬಹುಮಾನ ಕೊಟ್ಟರು. ನಿಲ್ಡೆ ಉಪ್ಪಿನ ಗದ್ದೆಯವರ ಮೇಲೆ ಒಂದು, ಏಡಿ ಹಿಡಿಯುವ ಹೆಂಗಸರ ಮೇಲೆ ಒಂದು, ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಮೇಲೆ ಒಂದು, ಹೀಗೆ ಮಾಡುತ್ತ ಹೋದಳು. ಮದುವೆಯಾಗಲಿಲ್ಲ. ಮೀರೊ ಮದುವೆಯಾಗಿ, ಬಿಟ್ಟು, ಮತ್ತೆ ಮದುವೆಯಾಗಿ, ಎಲ್ಲದರ ನಡುವೆಯೂ ಅವಳ ಜೊತೆ ಕೆಲಸಕ್ಕೆ ಬರುತ್ತಿದ್ದ. ಬೇರೆ ಊರಿನ ಯಾವ ಮನೆಯ ಮೌನದಲ್ಲೂ ಆ ಸದ್ದು ಕೇಳಿಸಲಿಲ್ಲ. ಬಾರ್ರಾಕ್ಕೆ ಹೋದಾಗ ಮಾತ್ರ ಕೇಳಿಸುತ್ತಿತ್ತು, ಬೀಳಲಿರುವ ಮನೆಗಳಲ್ಲಿ ಮಾತ್ರ.

ನಡು ವಯಸ್ಸು ದಾಟಿದ ಮೇಲೆ ಅವಳು ಪುಸ್ತಕ ಬರೆದಳು. 'ಗುಡಿಸುವವಳು' ಎಂದು ಹೆಸರಿಟ್ಟಳು. ಸದ್ದಿನ ವಿಷಯವನ್ನು ಅದರಲ್ಲಿ ಮೊದಲ ಸಲ ಹೊರಗೆ ಹಾಕಿದಳು. ಅದು ತನ್ನ ಅಮ್ಮನೇ ಎಂದು ಬರೆದಳು. ಗುಡಿಸದೆ ಹೊರಡಬೇಕಾಗಿ ಬಂದ ಅಮ್ಮನ ಆಸೆ ಆ ಮನೆಯೊಳಗೇ ಉಳಿದುಹೋಯಿತು. ಆ ಮನೆ ಬಿದ್ದ ಮೇಲೆ ಪಕ್ಕದ ಮನೆಗೆ ಹೋಯಿತು. ಊರಿನ ಒಂದೊಂದು ಮನೆಯನ್ನೂ ನೀರಿಗೆ ಒಪ್ಪಿಸುವ ಮೊದಲು ಹಸನು ಮಾಡುತ್ತಿದೆ. ಓದಿದವರು ಅತ್ತರು. ತಮ್ಮ ತಾಯಂದಿರ ಬಗ್ಗೆ ಅವಳಿಗೆ ಹೇಳಿಕೊಂಡರು. ಬರೆದು ಮುಗಿಸಿದ ಮೇಲೆ ನಿಲ್ಡೆಗೂ ನಿದ್ದೆ ಚೆನ್ನಾಗಿ ಬರತೊಡಗಿತು.

ಬಾರ್ರಾದಲ್ಲಿ ಮಾತ್ರ ಬೇರೆ ಪರಿಣಾಮವಾಯಿತು. ಮುಂದಿನ ಸಲ ಅವಳು ಊರಿಗೆ ಬಂದಾಗ ಅರ್ಧ ಊರು ತಮ್ಮ ಮನೆಗೆ ಬಂದು ಕೇಳಿಸಿಕೊಂಡು ಹೋಗೆಂದು ಕರೆಯಿತು. ಉಳಿದರ್ಧ ಅವಳು ಬೀದಿಗೆ ಬಂದರೆ ಬಾಗಿಲು ಹಾಕಿಕೊಂಡಿತು. ಸಮುದ್ರ ಅವಳ ಯಂತ್ರ ಹೋದಲ್ಲಿಗೆ ಹೋಗುತ್ತದೆ ಎಂಬುದು ಬಾಗಿಲು ಹಾಕಿಕೊಂಡವರ ಮಾತು. ಬೇಕರಿಯ ದೋನಾ ಜುಲೈದೆ ಮುಖಕ್ಕೇ ಹೇಳಿದಳು:

"ಬಾ ಮಗಳೇ, ಬ್ರೆಡ್ಡು ತಗೊ, ಕಾಫಿ ಕುಡಿ. ಆದ್ರೆ ಆ ಡಬ್ಬ ಮಾತ್ರ ಈ ಕಡೆ ತಿರುಗಿಸ್ಬೇಡ. ಹಿಟ್ಟು ಕಲಸಿಟ್ಟಿದೀನಿ, ಉಬ್ಬೋ ತನಕನಾದ್ರೂ ಬಿಡು."

ಸುತ್ತ ನಿಂತವರು ನಕ್ಕರು. ನಿಲ್ಡೆಯೂ ನಕ್ಕಳು. ಆದರೆ ಮರುದಿನ ಬೀದಿಯಲ್ಲಿ ಹೋಗುವಾಗ, ಕಿಟಕಿಗಳು ಒಂದರ ಹಿಂದೊಂದು ಮುಚ್ಚಿಕೊಳ್ಳುವ ಸದ್ದು ಅವಳ ಜೊತೆಗೇ ನಡೆದು ಬಂತು.

ಲಿಂದೌರಾ ಆ ಪುಸ್ತಕ ಓದಲಿಲ್ಲ. ತಂಗಿ ಬಂದರೆ ಮೀನು ಬೇಯಿಸಿ ಹಾಕುತ್ತಿದ್ದಳು, ಹಾಸಿಗೆ ಹಾಸಿ ಕೊಡುತ್ತಿದ್ದಳು, ಸಿನಿಮಾದ ಮಾತು ಬಂದರೆ ಎದ್ದು ಹೋಗುತ್ತಿದ್ದಳು. "ನಮ್ಮಮ್ಮನ್ನ ಊರೂರಿಗೆ ಮೆರವಣಿಗೆ ಮಾಡಿಸ್ದೆ. ಸತ್ತೋರು ಸುಮ್ನಿರ್ಲಿ ಬಿಡು," ಎಂದು ಒಂದೇ ಸಲ ಹೇಳಿದ್ದಳು.

ಇಬ್ಬರಿಗೂ ಕೂದಲು ಬೆಳ್ಳಗಾದ ಮೇಲೆ ನಡೆದದ್ದು ಮುಂದಿನದು. ಐದನೆಯ ಬೀದಿಯ ಮೇಲೆ ಕೊನೆಯದೊಂದು ಸಿನಿಮಾ ಮಾಡುತ್ತೇನೆಂದು ನಿಲ್ಡೆ ಬಂದಿದ್ದಳು. ಮೀರೊನೂ ಬಂದಿದ್ದ, ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಕೆಲಸ ನಡೆಸುತ್ತಿದ್ದ. ಇಬ್ಬರೂ ಲಿಂದೌರಾಳ ಮನೆಯಲ್ಲೇ ಉಳಿದಿದ್ದರು. ಒಂದು ಭಾನುವಾರ ಲಿಂದೌರಾ ಇಗರ್ಜಿಗೆ ಹೋದಳು. ಮೀರೊ ಹೊಸ ಯಂತ್ರ ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಓಡಿಸಿ, ನಿಲ್ಡೆಯ ಜೊತೆ ಹೊರಗೆ ಗೋಡಂಬಿ ಮರದ ಕೆಳಗೆ ಸಿಗರೇಟು ಸೇದುತ್ತ ಕೂತ. ಆ ಮನೆಗೂ ನೀರಿಗೂ ನಡುವೆ ಇನ್ನೂ ಒಂದು ಇಡೀ ಬೀದಿ ಇತ್ತು. ಯಾರಿಗೂ ಏನೂ ಅನ್ನಿಸಿರಲಿಲ್ಲ.

ಒಳಗೆ ಬಂದು ಕೇಳಿದ ಮೀರೊ ಕಿವಿಯಿಂದ ಹೆಡ್‌ಫೋನನ್ನು ತೆಗೆದು ನಿಲ್ಡೆಯ ಕೈಗೆ ಕೊಟ್ಟ. ಅವನ ಮುಖ ನೋಡಿದರೆ ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಲಿಂದೌರಾ ಇಗರ್ಜಿಯಿಂದ ಬಂದಳು. ತಲೆಯ ಮೇಲಿನ ಜಾಲರಿ ಮುಸುಕು ತೆಗೆದು ಮಡಿಸುತ್ತ, "ಏನು, ಇಬ್ರೂ ಹೀಗೆ ಕೂತಿದೀರ? ಯಾರು ಸತ್ರು?" ಎಂದಳು.

"ಅಕ್ಕಾ, ಈ ಮನೆ ಬಿಡ್ಬೇಕು."

"ಯಾಕೆ?"

"ಅಮ್ಮ ಬಂದಿದ್ಲು."

ಲಿಂದೌರಾ ಮುಸುಕನ್ನು ಮೇಜಿನ ಮೇಲೆ ಇಟ್ಟಳು. ಇಷ್ಟು ವರ್ಷ ಅದುಮಿಟ್ಟಿದ್ದು ಈಗ ಒಡೆದು ಬರುತ್ತದೆ ಎಂದು ನಿಲ್ಡೆ ಕಾದಳು. ಆದರೆ ಅಕ್ಕ ಕುರ್ಚಿ ಎಳೆದು ಕೂತು ಕೈ ಚಾಚಿದಳು. "ಕೊಡಿಲ್ಲಿ. ಅದೇನು ಅಂತ ನಾನೂ ಕೇಳ್ತೀನಿ."

ಕೇಳಿದಳು. ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದಳು. ಮತ್ತೊಮ್ಮೆ ಹಾಕು ಎಂದು ಬೆರಳು ಆಡಿಸಿದಳು. ಒಲೆಯ ಮೇಲೆ ಮೀನಿನ ಸಾರು ಕುದಿದು ಅಂಚಿನಿಂದ ಚೆಲ್ಲಿತು, ಯಾರೂ ಏಳಲಿಲ್ಲ.

"ಇದು ಅಮ್ಮ ಅಲ್ಲ," ಎಂದಳು.

"ಅಕ್ಕಾ..."

"ಅಮ್ಮ ಹೀಗೆ ಗುಡಿಸ್ತಿರ್ಲಿಲ್ಲ. ಅಮ್ಮ ಗುಡಿಸಿದ್ರೆ ಮಳೆ ಹನಿ ಬಿದ್ದ ಹಾಗೆ ಸಣ್ಣಕ್ಕೆ, ಒಂದೇ ಸಮ. ನಡುವೆ ನಿಲ್ತಾನೇ ಇರ್ಲಿಲ್ಲ. ಇದು ನೀನು."

ನಿಲ್ಡೆಗೆ ಅರ್ಥವಾಗಲಿಲ್ಲ.

"ನೀನು ಕಣೇ. ಎರಡು ಸಲ ಗೀಚೋದು, ಸೊಂಟ ನೋಯೋ ಮುದುಕಿ ಹಾಗೆ ನಿಲ್ಲೋದು, ಆಮೇಲೆ ಉದ್ದಕ್ಕೆ ಎಳೆಯೋದು. ಅಮ್ಮ ಇದಕ್ಕೇ ಅಲ್ವಾ ನಿನಗೆ ಬೈತಿದ್ದಿದ್ದು? ನೆಲಕ್ಕೆ ಗಾಯ ಮಾಡ್ತೀಯ ಅಂತ. ಒಂದೇ ಕೋಣೆಲಿ ಬೆಳೆದೋಳು ನಾನು. ನನಗೆ ಗೊತ್ತಾಗಲ್ವಾ?"

"ನಾನು ಪೊರಕೆ ಮುಟ್ಟಿ ಎಷ್ಟು ಕಾಲ ಆಯ್ತು ಅಕ್ಕಾ."

"ಅದು ನನಗೇನು ಗೊತ್ತು? ನಾನು ಕೇಳಿಸಿದ್ದನ್ನ ಹೇಳ್ದೆ."

ಮೀರೊ ಎದ್ದು ಬಾಗಿಲ ಹಿಂದಿನ ಪೊರಕೆ ತಂದು ನಿಲ್ಡೆಯ ಕೈಗೆ ಕೊಟ್ಟ. ಯಂತ್ರ ಶುರು ಮಾಡಿದ. ನಿಲ್ಡೆ ಅಡುಗೆಮನೆಯ ಮೂಲೆಯಿಂದ ಗುಡಿಸುತ್ತ ಬಂದಳು. ಮೊದಲ ಎರಡು ಎಳೆತ ಬೇಕೆಂದೇ ಬೇರೆ ಥರ ಎಳೆದಳು. ಆಮೇಲೆ ಕೈ ತನ್ನ ಹಳೆಯ ದಾರಿ ಹಿಡಿಯಿತು. ಬಾಗಿಲಿಗೆ ಬಂದು ನಿಂತಾಗ ಮರಳಿನ ಧೂಳಿಗೆ ಸಣ್ಣದಾಗಿ ಗಂಟಲು ಕೆರೆದುಕೊಂಡಳು.

ಮೀರೊ ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿದ. ಬೆಳಗಿನ ಸುರುಳಿಯ ಕೊನೆಯಲ್ಲಿ, ಇಷ್ಟು ವರ್ಷ ಅಲೆಯ ಸದ್ದೆಂದು ಅವನು ಬಿಟ್ಟುಬಿಡುತ್ತಿದ್ದ ಜಾಗದಲ್ಲಿ, ಯಾರೋ ಸಣ್ಣದಾಗಿ ಗಂಟಲು ಕೆರೆದುಕೊಳ್ಳುತ್ತಿದ್ದರು. ಅವನು ಯಂತ್ರ ಆರಿಸಿದ.

"ದೋನಾ ಲಿಂದೌರಾ, ಒಂದು ಲೋಟ ಕಾಫಿ ಇದ್ರೆ ಕೊಡಿ," ಎಂದ.

ಐದನೆಯ ಬೀದಿಯ ಸಿನಿಮಾ ಅಲ್ಲಿಗೇ ನಿಂತಿತು. ನಿಲ್ಡೆ ದಿನಗಟ್ಟಲೆ ಅಂಗಳದಲ್ಲಿ ಕೂತಿರುತ್ತಿದ್ದಳು. ಅಮ್ಮನ ಹೆಸರಲ್ಲಿ ತಾನು ಊರೂರಿಗೆ ಹೇಳಿಕೊಂಡು ಬಂದದ್ದು ಸುಳ್ಳಾಯಿತಲ್ಲ ಎಂಬ ನಾಚಿಕೆ ಒಂದು ಕಡೆ. ಬದುಕಿರುವಾಗಲೇ ತಾನು ಇನ್ನೆಲ್ಲೋ ನಡೆದಾಡಿಕೊಂಡಿದ್ದೇನೆ ಎಂಬುದು ಇನ್ನೊಂದು ಕಡೆ. ಅದಕ್ಕೆ ಹೆದರಿಕೆ ಎಂಬ ಮಾತೂ ಸಾಲುತ್ತಿರಲಿಲ್ಲ. ಕನ್ನಡಿಯ ಮುಂದೆ ಹೋಗುವುದನ್ನು ಬಿಟ್ಟಳು. ಲಿಂದೌರಾ ಅವಳ ತಲೆ ಬಾಚಿ ಜಡೆ ಹಾಕುತ್ತ, "ತಿನ್ನು, ಸುಮ್ನೆ ತಿನ್ನು. ತಿನ್ನೋರು ದೆವ್ವ ಆಗಿರಲ್ಲ," ಎಂದು ಬೈಯುತ್ತಿದ್ದಳು. ಅಕ್ಕನ ಸಿಟ್ಟು ಎಲ್ಲಿ ಹೋಯಿತೋ. ಅಮ್ಮನ ಆತ್ಮ ಅಲೆಯುತ್ತಿಲ್ಲ ಎಂದು ಗೊತ್ತಾದ ದಿನದಿಂದ ಅವಳು ಹಗುರಾಗಿದ್ದಳು.

ಆಗಸ್ಟಿನಲ್ಲಿ ದಕ್ಷಿಣದಿಂದ ದೊಡ್ಡ ಅಲೆಗಳೆದ್ದವು. ಹಿಂದಿನ ಯಾವ ವರ್ಷವೂ ಹಾಗೆ ಆಗಿರಲಿಲ್ಲ. ಐದನೆಯ ಬೀದಿ ಕೆಲವೇ ದಿನಗಳಲ್ಲಿ ಕುಸಿದು, ಆರನೆಯ ಬೀದಿಯ ಡಾಂಬರಿನ ಮೇಲೆ ನೊರೆ ಹರಿಯಿತು. ಲಿಂದೌರಾ ಅಷ್ಟು ಹೊತ್ತಿಗೆ ಗಂಟುಮೂಟೆ ಕಟ್ಟಿಯಾಗಿತ್ತು. ಬೆಳಿಗ್ಗೆ ಲಾರಿ ಬಂತು. ಸಾಮಾನು ಹೇರಿ, ಲಿಂದೌರಾಳನ್ನೂ ಮೀರೊನನ್ನೂ ಬೀದಿಯ ತುದಿಯ ಎತ್ತರದಲ್ಲಿ ನಿಂತ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿ, ನಿಲ್ಡೆ ಒಬ್ಬಳೇ ವಾಪಸು ಬಂದಳು.

"ಎಲ್ಲಿಗೇ?" ಎಂದು ಅಕ್ಕ ಕೂಗಿದಳು.

"ಗುಡಿಸಿ ಬರ್ತೀನಿ."

ಮನೆ ಖಾಲಿಯಾಗಿತ್ತು. ಹಗಲು ಬೆಳಕು ಎಲ್ಲ ಕಿಟಕಿಗಳಿಂದಲೂ ಒಳಗೆ ಬರುತ್ತಿತ್ತು. ಹಿಂದಿನ ಕೋಣೆಯ ಮೂಲೆಯಿಂದ ಶುರು ಮಾಡಿದಳು. ಅಮ್ಮ ಪ್ರಾಣ ಬಿಟ್ಟ ಕೋಣೆ ಅದು. ಎರಡು ಸಲ ಗೀರಿ, ನಿಂತು, ಉದ್ದಕ್ಕೆ ಎಳೆಯುತ್ತ ಅಡುಗೆಮನೆಗೆ ಬಂದಳು. ಆಗ ಗೋಡೆಯ ಆಚೆಯಿಂದ, ಕಿಟಕಿಯ ಕೆಳಗಿನಿಂದ, ಒಬ್ಬ ಗಂಡಸಿನ ದನಿ ಕೇಳಿಸಿತು.

"ಉಸಿರು ಹಿಡ್ಕೊಳ್ಳಿ, ಮನೆ ಮಾತಾಡ್ಲಿ."

ಮೀರೊನ ದನಿಯೇ. ಆದರೆ ಲಾರಿಯಲ್ಲಿ ಕೂತ ಮುದುಕನದಲ್ಲ, ಹರೆಯದವನದು, ಹಸಿದವನದು. ಅದರ ಬೆನ್ನಿಗೇ ಒಬ್ಬ ಹುಡುಗಿ ಬಾಯಿಗೆ ತೋಳು ಒತ್ತಿಕೊಂಡು ನಕ್ಕ ಸದ್ದು. ಆ ನಗೆ ಯಾರದು ಎಂದು ನಿಲ್ಡೆಗೆ ಯಾರೂ ಹೇಳಬೇಕಾಗಿರಲಿಲ್ಲ. ದೋನಾ ಅರ್ಮಿಂದಾಳ ಗೋಡೆಯ ನೆರಳಲ್ಲಿ ಕೂತ ಆ ಮಧ್ಯಾಹ್ನ ಈಗ ಒಂದು ಇಟ್ಟಿಗೆಯ ಆಚೆಗಿತ್ತು.

ಕಿಟಕಿಗೆ ಹೋಗಿ ಬಗ್ಗಿ ನೋಡಿದರೆ ಆಗುತ್ತಿತ್ತು. ಅವಳು ನೋಡಲಿಲ್ಲ. ನೋಡಿದರೆ ಆ ಹುಡುಗಿಯೂ ತಲೆಯೆತ್ತಿ ತನ್ನನ್ನು ನೋಡುತ್ತಾಳೆ ಎನ್ನಿಸಿತು. ಅಷ್ಟು ಚಿಕ್ಕ ವಯಸ್ಸಿಗೆ ಅದು ಬೇಡ ಎನ್ನಿಸಿತು. ಕೈ ನಿಲ್ಲಿಸಲೂ ಇಲ್ಲ. ಹೊರಗಿನವರು ಕೇಳುತ್ತಿದ್ದಾರೆ, ಮನೆಗೊಂದು ಮರ್ಯಾದೆಯಿದೆ ಎಂಬಂತೆ, ಮೊದಲಿಗಿಂತ ನಿಧಾನವಾಗಿ, ಮೂಲೆಮೂಲೆಯ ಮರಳನ್ನೂ ತೆಗೆದು ಬಾಗಿಲಿನ ತನಕ ತಂದಳು. ಧೂಳಿಗೆ ಗಂಟಲು ಕೆರೆದುಕೊಂಡಳು. ಕಸವನ್ನು ಹೊಸ್ತಿಲಾಚೆ ತಳ್ಳಿ ಹೊರಗೆ ಬಂದು ನೋಡಿದರೆ, ಕಿಟಕಿಯ ಕೆಳಗೆ ಒದ್ದೆ ಮರಳು ಬಿಟ್ಟರೆ ಇನ್ನೇನಿಲ್ಲ. ಮರಳಲ್ಲಿ ಇಬ್ಬರು ಕೂತೆದ್ದ ಗುಳಿಗಳಿದ್ದವು. ಅವು ನೋಡುನೋಡುತ್ತಿದ್ದಂತೆ ನೀರು ಬಂದು ತುಂಬಿಕೊಂಡವು.

ಮರುದಿನ ಆ ಮನೆ ಬಿತ್ತು.

ನಿಲ್ಡೆ ಮತ್ತೆ ಸಿನಿಮಾ ಮಾಡಲಿಲ್ಲ. ರಿಯೊದ ಬಾಡಿಗೆ ಮನೆ ಬಿಟ್ಟು, ಊರಾಚೆಯ ದಿಬ್ಬದ ಮೇಲೆ ಅಕ್ಕನ ಜೊತೆ ಉಳಿದಳು. ಆರನೆಯ ಬೀದಿಯಲ್ಲಿ ಯಾರಾದರೂ ಮನೆ ಬಿಡುವುದು ಗೊತ್ತಾದರೆ ಪೊರಕೆ ಹಿಡಿದು ಹೋಗುತ್ತಿದ್ದಳು. ಮೊದಮೊದಲು ಜನ ಅನುಮಾನದಿಂದ ಅವಳ ಚೀಲ ನೋಡುತ್ತಿದ್ದರು, ಕ್ಯಾಮೆರಾ ಇದೆಯೇನೋ ಎಂದು. ಇಲ್ಲವೆಂದು ಗೊತ್ತಾದ ಮೇಲೆ ಬಾಗಿಲುಗಳು ತೆರೆದವು. ಬೇಕರಿಯ ಸರದಿ ಬಂದಾಗ ದೋನಾ ಜುಲೈದೆ ತಾನೇ ಹೇಳಿ ಕಳಿಸಿದಳು.

"ಹಿಟ್ಟಿನ ಡಬ್ಬಗಳ ಹಿಂದೆ ಮೂವತ್ತು ವರ್ಷದ ಧೂಳಿದೆ, ನಾನು ಕೈ ಹಾಕಲ್ಲ," ಎಂದು ನಕ್ಕವಳು, ನಿಲ್ಡೆ ಗುಡಿಸಲು ಶುರು ಮಾಡುತ್ತಿದ್ದಂತೆ ಒಲೆಯ ಕಟ್ಟೆಗೆ ಹಣೆ ಹಚ್ಚಿ ಅತ್ತಳು. ಗುಡಿಸುವಾಗ ಗೋಡೆಯಾಚೆ ಏನಾದರೂ ಕೇಳಿಸುತ್ತದೆಯೇ ಎಂದು ಅವಳನ್ನು ಕೇಳಿದವರಿಗೆ ನಿಲ್ಡೆ, "ಗಾಳಿ," ಎನ್ನುತ್ತಿದ್ದಳು.

ಮೀರೊ ಎರಡು ವರ್ಷದ ಮೇಲೆ ರಿಯೊದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡ. ಸಾವಿಗೆ ಹೋಗಿ ಬಂದ ನಿಲ್ಡೆ ಒಂದು ವಾರ ಪೊರಕೆ ಹಿಡಿದು ಯಾರ ಮನೆಗೂ ಹೋಗಲಿಲ್ಲ. ಆಮೇಲೆ ಒಂದು ದಿನ ಊಟದ ನಡುವೆ ಅವನ ಹೊಟ್ಟೆಬಾಕತನದ ಕತೆಗಳನ್ನು ಹೇಳತೊಡಗಿ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದಿಬ್ಬದ ಮೇಲಿನ ಮನೆಯಿಂದ ಸಮುದ್ರ ಕಾಣುವುದಿಲ್ಲ. ಕಾಲೇಜಿನ ಒಬ್ಬಳು ಹೆಂಗಸು ನಿಲ್ಡೆಯ ಬಗ್ಗೆ ಸಿನಿಮಾ ಮಾಡಬೇಕೆಂದು ಈಚೆಗೆ ಬಂದಿದ್ದಳು. ಲಿಂದೌರಾ ಮೀನು, ಅದರ ಸಾರಲ್ಲಿ ಕಲಸಿದ ಮರಗೆಣಸಿನ ಹಿಟ್ಟು ಬಡಿಸಿದಳು. ನಿಲ್ಡೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಗುಮೆರ್ಸಿಂದೊನ ಕುಂಚದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮುಗಿದ ಮೇಲೆ ಆ ಹೆಂಗಸು, "ಎಲ್ಲರೂ ಒಂದು ಗಳಿಗೆ ಹೊರಗೆ ಹೋಗೋಣವಾ? ಕೋಣೆಯ ಮೌನ ಒಂದು ಬೇಕಿತ್ತು," ಎಂದಳು.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಂದೌರಾ ಎದ್ದು ಹೋಗಿ ರೇಡಿಯೊ ಹಾಕಿದಳು, ದನಿಯನ್ನು ಆದಷ್ಟು ಜೋರು ಮಾಡಿದಳು. ಯಾವುದೋ ಫುಟ್‌ಬಾಲ್ ಆಟದ ವಿವರಣೆ ಮನೆಯ ತುಂಬ ಹರಡಿತು.

"ನಮ್ಮನೇಲಿ ಇದು ಆರೋದೇ ಇಲ್ಲ ಮಗಳೇ," ಎಂದಳು ನಿಲ್ಡೆ. "ಇನ್ನೊಂದು ತುಂಡು ಮೀನು ಹಾಕಿಕೊ."